ಗಣಿಯ ಮೇಲೊಂದು ಹುಡುಕಾಟ

ಬಚ್ಚಿಟ್ಟ ಡಬ್ಬಿಯನ್ನು ಉಪಗ್ರಹದ ನೆರವಿನಿಂದ ಅರಸುವ ಆಟ 2000ನೆಯ ಇಸವಿಯ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಹುಟ್ಟಿತು. ಅದನ್ನಾಡಲೆಂದು ಸಮೇತನಹಳ್ಳಿಯಿಂದ ಕೋಲಾರದ ಚಿನ್ನದ ಗಣಿಗೆ ಹೋಗಿದ್ದೆವು. (ಕನ್ನಡನಾಡಿನಲ್ಲಿ ಕಲ್ಲಿದ್ದಲ ಗಣಿಯಿಲ್ಲ, ಚಿನ್ನ ತೆಗೆಯುವ ಹಟ್ಟಿ ಬಹು ದೂರ.) 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಪಡೆದ ಈ ಗಣಿ 2001ರಲ್ಲಿ ಮುಚ್ಚಿತು. ಸಯನೈಡ್ ದಿಬ್ಬಗಳನ್ನು ಬಳಸಿ ನಡೆದೆವು. ಮಿತ್ರರೊಬ್ಬರು ಮುನ್ನವೇ ಇಟ್ಟಿದ್ದ ಡಬ್ಬಿ ಇನ್ನು ಹತ್ತೇ ಮೀಟರೆಂದು ಮೊಬೈಲು ತೋರಿತು.

"ಏನು ಹುಡುಕುತ್ತೀರಿ, ಸ್ವಾಮಿ?" ಎಂದರು ಅಲ್ಲಿ ಕುಳಿತಿದ್ದ ಮುದುಕರು; ಹಿಂದೆ ಗಣಿಯಲ್ಲಿ ದುಡಿದವರು. ಹೇಳಿದೆವು. ನಕ್ಕರು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳವೆಂದರು. "ಬಂಡೆ ಸಿಡಿದಾಗ ನಮ್ಮಣ್ಣ ಅಲ್ಲೇ ಉಳಿದ. ನಿಮ್ಮ ಯಂತ್ರಕ್ಕೆ ಅಷ್ಟು ಕೆಳಗೆ ಕಾಣುತ್ತದೆಯೆ?"

ಉತ್ತರ ಹೊಳೆಯಲಿಲ್ಲ. ಅವರೇ ಕೋಲಿನಿಂದ ಕಲ್ಲೊಂದನ್ನು ಸರಿಸಿ ಡಬ್ಬಿಯನ್ನು ತೋರಿಸಿದರು.