ಇಟ್ಟಿಗೆ ಹೊದಿಕೆಯ ಗೋಡೆಯ ಚಲನೆ: ಕಾರಣನಿರ್ಣಯ ಮತ್ತು ಬಲವರ್ಧನೆ

ಆಸ್ಟ್ರೇಲಿಯದಲ್ಲಿ ಮರದ ಚೌಕಟ್ಟಿನ ಮನೆಗಳಿಗೆ ಹೊರಮೈಯಾಗಿ ಇಟ್ಟಿಗೆಯ ಹೊದಿಕೆಯನ್ನು ಕಟ್ಟುವ ರೂಢಿಯುಂಟು. ಈ ಹೊದಿಕೆಯು ಮನೆಯ ಭಾರವನ್ನು ಹೊರುವುದಿಲ್ಲ; ತನ್ನ ತೂಕವನ್ನು ಮಾತ್ರ ಅಸ್ತಿಭಾರಕ್ಕೆ ಇಳಿಸುತ್ತದೆ. ಅದು ಹೊರಕ್ಕೆ ಬೀಳದಂತೆ ತಡೆಯುವುವು ಗಾರೆಯ ಸಂದುಗಳಿಂದ ಚೌಕಟ್ಟಿಗೆ ಹಾಯ್ದ ಲೋಹದ ಕಟ್ಟುಪಟ್ಟಿಗಳು. ಇವು ಗೋಡೆಯೊಳಗೆ ಅಡಗಿರುವುದರಿಂದ ತುಕ್ಕು ಹಿಡಿದರೂ ತಿಳಿಯದು. 1989ರ ಡಿಸೆಂಬರ್ 28ರಂದು ನ್ಯೂಕ್ಯಾಸಲ್ ನಗರದಲ್ಲಿ ಭೂಕಂಪವಾದಾಗ ಅನೇಕ ಇಟ್ಟಿಗೆಯ ಹೊರಗೋಡೆಗಳು ಕಳಚಿಬಿದ್ದುವು. ಅವುಗಳಲ್ಲಿ ಕಟ್ಟುಪಟ್ಟಿಗಳು ಸವೆದಿದ್ದುದೂ ಕೆಲವೆಡೆ ಇಲ್ಲದಿದ್ದುದೂ ಆಗ ಬೆಳಕಿಗೆ ಬಂದಿತು.

ಗೋಡೆಯು ಹೊರಕ್ಕೆ ಉಬ್ಬಿದ್ದರೆ ಕಟ್ಟುಪಟ್ಟಿಗಳನ್ನೂ, ಬಿರುಕು ಮೆಟ್ಟಿಲಿನಂತೆ ಸಂದುಗಳನ್ನನುಸರಿಸಿ ಏರಿದ್ದರೆ ಅಸ್ತಿಭಾರದ ಕುಸಿತವನ್ನೂ ಮೊದಲು ಶಂಕಿಸಬೇಕು. ತೂಕದ ಗುಂಡಿನಿಂದ ವಾಲಿಕೆಯನ್ನು ಅಳೆದು, ಒಂದೆರಡು ಇಟ್ಟಿಗೆಗಳನ್ನು ತೆಗೆದು ಒಳಗನ್ನು ಪರೀಕ್ಷಿಸತಕ್ಕದ್ದು. ಬಿರುಕಿನ ಅಗಲವನ್ನು ಋತುಗಳುದ್ದಕ್ಕೂ ಗುರುತಿಸಿಟ್ಟರೆ ಚಲನೆಯು ನಿಂತಿದೆಯೋ ಮುಂದುವರಿಯುತ್ತಿದೆಯೋ ಎಂಬುದು ವಿದಿತವಾಗುತ್ತದೆ. ಆದರೆ ಉಬ್ಬಿದ ಗೋಡೆಯ ವಿಷಯದಲ್ಲಿ ಕಾಯಲಾಗದು. ಅದಕ್ಕೆ ಕೂಡಲೇ ಆಸರೆ ಕೊಡಬೇಕು.

ಕಟ್ಟುಪಟ್ಟಿಗಳು ಸೋತಿದ್ದರೆ, ಸಂದುಗಳಲ್ಲಿ ರಂಧ್ರ ಕೊರೆದು ಸ್ಟೇನ್‌ಲೆಸ್ ಉಕ್ಕಿನ ತಿರುಪು ಸರಳುಗಳನ್ನು ಚೌಕಟ್ಟಿನ ಕಂಬಗಳಿಗೆ ನಾಟಬಹುದು. ಅಸ್ತಿಭಾರವೇ ಕುಸಿಯುತ್ತಿದ್ದರೆ ಮೊದಲು ಅದನ್ನು ಸ್ಥಿರಗೊಳಿಸಬೇಕು. ಕಾರಣವನ್ನರಿಯದೆ ಬಿರುಕಿಗೆ ಗಾರೆ ಮೆತ್ತುವುದು ಅಪಾಯವನ್ನು ಮರೆಮಾಡುವುದೇ ಹೊರತು ನಿವಾರಿಸುವುದಿಲ್ಲ.