ನೀಳವಾಗುವ ಕಣ್ಣಿಗೊಂದು ಕಡಿವಾಣ

ಕಲ್ಲೋಳಿಯ ಶಾಲೆಯೊಂದರ ಹಿಂದಿನ ಸಾಲಿನಲ್ಲಿ ಕುಳಿತ ಬಾಲಕನೊಬ್ಬನನ್ನು ಭಾವಿಸಿಕೊಳ್ಳೋಣ. ಕೈಯಲ್ಲಿರುವ ಪುಸ್ತಕವನ್ನು ಆತನು ಸರಾಗವಾಗಿ ಓದಬಲ್ಲನು. ಆದರೆ ಕರಿಹಲಗೆಯ ಅಕ್ಷರಗಳು ಮಸುಕು, ದೂರದ ಹನುಮಪ್ಪನ ಗುಡಿಯೂ ಮಸುಕು. ತಂದೆ ಆತನನ್ನು ಗೋಕಾಕಕ್ಕೆ ಕರೆದೊಯ್ದು ಕನ್ನಡಕ ಕೊಡಿಸುತ್ತಾನೆ. ಎಲ್ಲವೂ ನಿಚ್ಚಳವಾಗುತ್ತದೆ. ಆದರೆ ಮರುವರ್ಷ ಆ ಕನ್ನಡಕ ಸಾಲದು. ಅದರ ಮರುವರ್ಷ ಇನ್ನೂ ಬಲವಾದುದು ಬೇಕು. ಹೀಗೇಕೆ?

ಹುಟ್ಟಿದ ಮಗುವಿನ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿಲಿಮೀಟರು. ವಯಸ್ಕರಲ್ಲಿ ಅದು ಸುಮಾರು 24. ಮುಂಭಾಗದ ಪಾರದರ್ಶಕ ಪಟಲ ಮತ್ತು ಮಸೂರಗಳು ಬೆಳಕನ್ನು ಒಟ್ಟುಗೂಡಿಸುವ ಸ್ಥಳದಲ್ಲಿಯೇ ಅಕ್ಷಿಪಟವಿರುವಂತೆ ಈ ಬೆಳವಣಿಗೆ ನಡೆಯಬೇಕು. ಗುಡ್ಡೆ ಮಿತಿಮೀರಿ ನೀಳವಾದರೆ ದೂರದ ವಸ್ತುವಿನ ಬಿಂಬ ಅಕ್ಷಿಪಟದ ಮುಂದೆಯೇ ಮೂಡುತ್ತದೆ. ಇದೇ ಸಮೀಪದೃಷ್ಟಿ. ಒಂದು ಮಿಲಿಮೀಟರು ಹೆಚ್ಚಿದರೆ ದೋಷವು ಎರಡೂವರೆ ಡಯಾಪ್ಟರಿನಷ್ಟಾದರೂ ಆಗುತ್ತದೆ. ಎರಡು ಡಯಾಪ್ಟರಿನ ದೋಷವುಳ್ಳವನಿಗೆ ಅರ್ಧ ಮೀಟರಿನಾಚೆ, ಎಂದರೆ ಸುಮಾರು ಒಂದು ಮೊಳದಾಚೆ, ಯಾವುದೂ ಸ್ಪಷ್ಟವಾಗಿ ಕಾಣದು.

ನಿಮ್ನ ಮಸೂರವು ಬಿಂಬವನ್ನು ಹಿಂದೆ ಸರಿಸಿ ದೃಷ್ಟಿಯನ್ನು ತಿದ್ದುತ್ತದೆಂಬುದನ್ನು ಕೆಪ್ಲರನು 1604ರಲ್ಲಿಯೇ ವಿವರಿಸಿದನು. ಆದರೆ ತಿದ್ದಿದ್ದು ಬಿಂಬವನ್ನೇ ಹೊರತು ಕಣ್ಣನ್ನಲ್ಲ. ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರಗಳನ್ನು ನಡೆಸಿ, ಅಸಂಖ್ಯ ಜನರ ಕಣ್ಣಿನ ಪೊರೆ ತೆಗೆದು ಬೆಳಕು ಕೊಟ್ಟರು. ಪೊರೆಯನ್ನು ತೆಗೆಯಬಹುದು, ನೀಳವಾದ ಕಣ್ಣನ್ನು ಮರಳಿ ಮೊಟಕುಗೊಳಿಸಲಾಗದು. ಲೇಸರ್ ಚಿಕಿತ್ಸೆಯೂ ಮುಂಭಾಗದ ಬಾಗನ್ನಷ್ಟೇ ತಿದ್ದುತ್ತದೆ. ಅತಿಯಾಗಿ ನೀಳವಾದ ಕಣ್ಣಿನಲ್ಲಿ ಅಕ್ಷಿಪಟವು ಎಳೆದ ಬಟ್ಟೆಯಂತೆ ತೆಳುವಾಗಿ, ಹರಿಯುವ ಅಥವಾ ಕಳಚುವ ಅಪಾಯ ಹೆಚ್ಚು. ಆದುದರಿಂದ ಬೆಳೆಯುವ ವಯಸ್ಸಿನಲ್ಲಿಯೇ ಈ ನೀಳತೆಗೆ ಕಡಿವಾಣ ಹಾಕುವುದು ಅಗತ್ಯ.

ಕಡಿವಾಣದ ಸುಳಿವು ದೊರೆತುದು ಪ್ರಾಣಿಗಳಿಂದ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಅರ್ಲ್ ಸ್ಮಿತ್ ಮತ್ತು ಅವರ ಸಂಗಡಿಗರು ಕೋತಿಮರಿಗಳ ಅಕ್ಷಿಪಟದ ನಡುಭಾಗವನ್ನು ನಿಷ್ಕ್ರಿಯಗೊಳಿಸಿದರೂ ಕಣ್ಣು ತನ್ನ ಬೆಳವಣಿಗೆಯನ್ನು ನಿಯಂತ್ರಿಸಿಕೊಳ್ಳುವುದನ್ನು 2005ರಲ್ಲಿ ತೋರಿಸಿದರು. ಅಂದಮೇಲೆ ಅಂಚಿನ ಭಾಗವೂ ಬೆಳವಣಿಗೆಗೆ ಸೂಚನೆ ಕೊಡುತ್ತದೆ. ಸಾಮಾನ್ಯ ಕನ್ನಡಕವು ನಡುವಿನ ಬಿಂಬವನ್ನು ಸರಿಯಾಗಿ ಕೂರಿಸಿದರೂ ಅಂಚಿನ ಬಿಂಬವನ್ನು ಅಕ್ಷಿಪಟದ ಹಿಂದಕ್ಕೆ ತಳ್ಳಬಹುದು. ಅದನ್ನು ಹಿಡಿಯಲೋ ಎಂಬಂತೆ ಕಣ್ಣು ಮತ್ತಷ್ಟು ಹಿಂದಕ್ಕೆ ಬೆಳೆಯುತ್ತದೆಂಬುದು ವಿಜ್ಞಾನಿಗಳ ಊಹೆ.

ಕಣ್ಣಿನ ಮೇಲೆಯೇ ಕೂರುವ ಕಾಂಟ್ಯಾಕ್ಟ್ ಲೆನ್ಸಿಗೆ ಇಲ್ಲಿ ಅನುಕೂಲವುಂಟು. ನೋಟ ಹೊರಳಿದತ್ತ ಅದೂ ಹೊರಳುತ್ತದೆ. ಅದರ ನಡುಭಾಗ ದೂರದೃಷ್ಟಿಯನ್ನು ತಿದ್ದುವಂತೆಯೂ, ಸುತ್ತಲಿನ ಭಾಗ ಬೆಳಕನ್ನು ಅಕ್ಷಿಪಟದ ಮುಂದೆ ಕೂಡಿಸುವಂತೆಯೂ ರಚಿಸಬಹುದು. ಅಮೆರಿಕದಲ್ಲಿ 7ರಿಂದ 11 ವರ್ಷದ 294 ಮಕ್ಕಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸಾಮಾನ್ಯ ಲೆನ್ಸ್ ತೊಟ್ಟವರ ದೋಷ ಮೂರು ವರ್ಷಗಳಲ್ಲಿ ಸರಾಸರಿ 1.05 ಡಯಾಪ್ಟರ್ ಹೆಚ್ಚಿತು. ಸುತ್ತಂಚಿನಲ್ಲಿ ಪ್ರಬಲ ಶಕ್ತಿಯುಳ್ಳ ಲೆನ್ಸ್ ತೊಟ್ಟವರಲ್ಲಿ ಹೆಚ್ಚಿದ್ದು 0.60 ಮಾತ್ರ. ಇದೇ ಉದ್ದೇಶದ ಲೆನ್ಸೊಂದಕ್ಕೆ ಅಮೆರಿಕ ಸರಕಾರದ ಔಷಧ ನಿಯಂತ್ರಣ ಇಲಾಖೆ 2019ರಲ್ಲಿ ಮೊದಲ ಬಾರಿಗೆ ಸಮ್ಮತಿಯಿತ್ತಿತು. ನಮ್ಮ ದೇಶದಲ್ಲಿ ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿಯೂ ಸಮೀಪದೃಷ್ಟಿಯ ಸಂಶೋಧನೆ ನಡೆದಿದೆ.

ಇದು ದೋಷದ ವೇಗವನ್ನು ತಗ್ಗಿಸುವ ಸಾಧನ, ನಿವಾರಿಸುವುದಲ್ಲ. ಕೈ ತೊಳೆದು ಒರೆಸದೆ ಲೆನ್ಸನ್ನು ಮುಟ್ಟಿದರೆ, ನಲ್ಲಿಯ ನೀರಿನಲ್ಲಿ ಅದನ್ನು ತೊಳೆದರೆ, ತೊಟ್ಟುಕೊಂಡೇ ಹೊಳೆಯಲ್ಲಿ ಈಜಿದರೆ ಕಣ್ಣಿಗೆ ಭೀಕರ ಸೋಂಕು ತಗಲಬಹುದು. ವೈದ್ಯರ ನಿಗಾ ಅತ್ಯವಶ್ಯ. ಖರ್ಚೂ ಎಲ್ಲರ ಕೈಗೆಟಕುವಂಥದಲ್ಲ.

ಆದರೆ ದೋಷ ತಲೆದೋರುವ ಮುನ್ನವೇ ಕೈಗೊಳ್ಳಬಹುದಾದ, ಕಾಸಿನ ಖರ್ಚಿಲ್ಲದ ಉಪಾಯವೊಂದುಂಟು. ಚೀನದ ಗ್ವಾಂಗ್‌ಜೌ ನಗರದ ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಪ್ರತಿದಿನ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಡಲಾಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಅವರಲ್ಲಿ ಶೇಕಡಾ 30.4; ಉಳಿದ ಶಾಲೆಗಳಲ್ಲಿ 39.5. ತರಗತಿಯ ಕೋಣೆಯಲ್ಲಿ ಕೆಲವು ನೂರು ಲಕ್ಸ್ ಬೆಳಕಿದ್ದರೆ, ಹಗಲು ಬಯಲಿನಲ್ಲಿ ಹತ್ತು ಸಾವಿರಕ್ಕೂ ಮಿಗಿಲು.

ಕಬ್ಬಿನ ಹೊಲಗಳ ನಡುವಿನ ಕಲ್ಲೋಳಿಗೆ ಈ ಬೆಳಕಿನ ಕೊರತೆಯಿಲ್ಲ. ಮಗುವಿನ ಕಣ್ಣನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ, ಕೈಯ ಮೊಬೈಲನ್ನು ಬಿಡಿಸಿ, ಸಂಜೆಯ ಆಟಕ್ಕೆ ಬಯಲಿಗೆ ಕಳುಹಿಸುವುದು ಹಿರಿಯರ ಕೈಯಲ್ಲಿದೆ. ಲೆನ್ಸಿನ ಮಾತು ಆ ಬಳಿಕ.