ಫೀಸು ಜೂನಿಗೆ, ಪುರಸ್ಕಾರ ಸೆಪ್ಟೆಂಬರಿಗೆ

ಸೆಪ್ಟೆಂಬರ್ ಬಂತೆಂದರೆ ಊರೂರಿನ ಪತ್ತಿನ ಸಹಕಾರ ಸಂಘಗಳಲ್ಲಿ ವಾರ್ಷಿಕ ಮಹಾಸಭೆಯ ಸಡಗರ. ಸಮುದಾಯ ಭವನದ ಮುಂದೆ ಶಾಮಿಯಾನ, ಒಳಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಹಿಂಭಾಗದಿಂದ ಸಾರಿನ ಒಗ್ಗರಣೆಯ ಘಮ. ಕಾರ್ಯದರ್ಶಿಗಳು ನಡಾವಳಿ, ಜಮಾ-ಖರ್ಚು ಓದುತ್ತಿದ್ದರೂ ಸಭಿಕರ ಕಿವಿಯೆಲ್ಲ ಈ ಸಲ ಡಿವಿಡೆಂಡ್ ಎಷ್ಟು ಎಂಬುದರ ಮೇಲೆಯೇ. ಸಭೆಗೆ ಕಳೆ ಬರುವುದು ಪ್ರತಿಭಾ ಪುರಸ್ಕಾರದ ಹೊತ್ತಿಗೆ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 600ರ ಆಸುಪಾಸು ತೆಗೆದ ಸದಸ್ಯರ ಮಕ್ಕಳ ಹೆಸರು ಮೈಕಿನಲ್ಲಿ ಕೇಳುತ್ತದೆ. ‘ಅಪ್ಪ ಅಮ್ಮನೂ ವೇದಿಕೆಗೆ ಬರಬೇಕು’ ಎಂದಾಗ ತಾಯಿ ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತುತ್ತಾರೆ. ಶಾಲು, ಹಾರ, ಫಲಕ, ಒಂದು ಲಕೋಟೆ. ನಿರ್ದೇಶಕರೆಲ್ಲ ಆ ಲಕೋಟೆಗೆ ಒಂದೊಂದು ಕೈ ತಾಗಿಸಿ ನಿಂತ ಮೇಲೆ ಫೋಟೊದಲ್ಲಿ ಹುಡುಗಿಯನ್ನು ಹುಡುಕಬೇಕಾಗುತ್ತದೆ!

ಲಕೋಟೆಯ ದುಡ್ಡು ಯಾರದು? ಚಹಾದಂಗಡಿಯವರು ಪಿಗ್ಮಿಗೆ ದಿನವೂ ಕಟ್ಟುವ ಐವತ್ತು ರೂಪಾಯಿಯೇ ಇನ್ನೊಬ್ಬರಿಗೆ ಸಾಲವಾಗಿ, ಬಡ್ಡಿ ತಂದು, ವರ್ಷದ ಕೊನೆಗೆ ಲಾಭವಾಗುತ್ತದೆ. ನಿವ್ವಳ ಲಾಭದಲ್ಲಿ ಕಾಲು ಭಾಗವನ್ನಾದರೂ ಮೀಸಲು ನಿಧಿಗೆ ಇಡಬೇಕೆಂದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಹೇಳುತ್ತದೆ. ಸಹಕಾರ ಶಿಕ್ಷಣ ನಿಧಿಗೂ ಒಂದು ಪಾಲು ಹೋಗುತ್ತದೆ. ಅದು ಸದಸ್ಯರಿಗೆ, ಆಡಳಿತ ಮಂಡಳಿಗೆ ಸಹಕಾರದ ಪಾಠ ಹೇಳಲು ಇರುವ ಹಣ, ಮಕ್ಕಳ ಫೀಸಿಗಲ್ಲ. ಪುರಸ್ಕಾರಕ್ಕೆ ಉಳಿದುದರಲ್ಲೇ ಹೊಂದಿಸಬೇಕು. ಆದ್ದರಿಂದ ಮೊತ್ತ ಚಿಕ್ಕದೆಂದು ಹೀಗಳೆಯುವುದು ಸರಿಯಲ್ಲ. ನನ್ನ ತಕರಾರು ಮೊತ್ತದ ಬಗ್ಗೆ ಅಲ್ಲವೇ ಅಲ್ಲ.

ತಕರಾರು ಇರುವುದು ಸಮಯದ ಬಗ್ಗೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವುದು ಬೇಸಿಗೆಯಲ್ಲಿ. ಜೂನ್ ಹೊತ್ತಿಗೆ ಪಿಯು ಕಾಲೇಜಿನ ಶುಲ್ಕ, ಪುಸ್ತಕ, ಸಮವಸ್ತ್ರ, ಬಸ್ ಪಾಸು ಎಲ್ಲ ಒಟ್ಟಿಗೇ ತಲೆಯ ಮೇಲೆ ಬೀಳುತ್ತವೆ. ಕೂಲಿಗೆ ಹೋಗುವ ಮನೆಯಲ್ಲಿ ‘ಇವಳು ಮುಂದೆ ಓದುವುದೋ ಬೇಡವೋ’ ಎಂಬ ತೀರ್ಮಾನ ಆಗುವುದೂ ಅದೇ ತಿಂಗಳು. ಅಷ್ಟರೊಳಗೆ ಕೈಗಡ ಮಾಡಿಯೋ ಓಲೆ ಅಡವಿಟ್ಟೋ ಸೇರಿಸಿದವರಿಗೆ ಸೆಪ್ಟೆಂಬರಿನ ಲಕೋಟೆ ಗೌರವವಷ್ಟೇ. ಸೇರಿಸಲಾಗದವರ ಮನೆಗೆ ಅರ್ಜಿ ನಮೂನೆಯೂ ಹೋಗಿರುವುದಿಲ್ಲ, ಏಕೆಂದರೆ ‘ಶೇ 85ಕ್ಕಿಂತ ಹೆಚ್ಚು’ ಎಂಬ ಷರತ್ತು ನೋಟಿಸಿನಲ್ಲೇ ಇರುತ್ತದೆ. ಸಂಜೆ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಲೇ ಶೇ 70 ತೆಗೆದ ಹುಡುಗ ಪ್ರತಿಭಾವಂತ ಅಲ್ಲವೇ?

ಈ ತಕರಾರಿಗೆ ಪರಿಹಾರ ಬೇರೆಡೆ ಸಿಗುತ್ತದೆ. ಅಮೆರಿಕದಲ್ಲಿ ನಮ್ಮ ಪತ್ತಿನ ಸಂಘಗಳಂಥ ಸಂಸ್ಥೆಗಳಿಗೆ ಕ್ರೆಡಿಟ್ ಯೂನಿಯನ್ ಎನ್ನುತ್ತಾರೆ. ಅಲ್ಲಿನ ಮೊದಲನೆಯದು, ನ್ಯೂ ಹ್ಯಾಂಪ್‌ಶೈರಿನ ಮ್ಯಾಂಚೆಸ್ಟರಿನ ಸೇಂಟ್ ಮೇರೀಸ್ ಬ್ಯಾಂಕ್, 1908ರಲ್ಲಿ ಹುಟ್ಟಿದ್ದು ಕೆನಡಾದಿಂದ ವಲಸೆ ಬಂದ ಫ್ರೆಂಚ್ ಮಾತಿನ ಗಿರಣಿ ಕಾರ್ಮಿಕರಿಗಾಗಿ. ನಾವು ಆ ಸಾಲಿನಲ್ಲಿ ಹಿಂದೇನೂ ಇಲ್ಲ: ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು 1905ರಲ್ಲೇ. ಆದರೆ ವಿದ್ಯಾರ್ಥಿವೇತನದ ವಿಷಯದಲ್ಲಿ ಅಮೆರಿಕದವರ ಒಂದು ಪದ್ಧತಿಯನ್ನು ನಾವು ಧಾರಾಳವಾಗಿ ಎತ್ತಿಕೊಳ್ಳಬಹುದು. ಅಲ್ಲಿನ ಅನೇಕ ಕ್ರೆಡಿಟ್ ಯೂನಿಯನ್‌ಗಳು ಹೈಸ್ಕೂಲಿನ ಕೊನೆಯ ವರ್ಷದವರಿಂದ ಅರ್ಜಿ, ಜೊತೆಗೊಂದು ಪ್ರಬಂಧ ತರಿಸಿಕೊಂಡು, ಕಾಲೇಜು ಶುರುವಾಗುವ ಮೊದಲೇ ಆಯ್ಕೆ ಮುಗಿಸುತ್ತವೆ. ಎಷ್ಟೋ ಕಡೆ ಹಣ ನೇರ ಕಾಲೇಜಿಗೇ ಸಂದಾಯವಾಗುತ್ತದೆ. ಅಂಕದ ಜೊತೆ ಊರಿನ ಕೆಲಸದಲ್ಲಿ ಕೈಜೋಡಿಸಿದ್ದು, ಮನೆಯ ಪರಿಸ್ಥಿತಿ ನೋಡುವುದೂ ಉಂಟು.

ನಮ್ಮಲ್ಲಿ ಇದು ಕಷ್ಟವೇ? ಹಿಂದಿನ ಸಾಲಿನ ಲಾಭದಲ್ಲಿ ಮಹಾಸಭೆಯ ಒಪ್ಪಿಗೆ ಪಡೆದು ತೆಗೆದಿಟ್ಟರೆ ಮುಂದಿನ ಜೂನಿಗೆ ದುಡ್ಡು ಸಿದ್ಧವಿರುತ್ತದೆ. ಯಾರ ಮನೆಯಲ್ಲಿ ಯಾವ ಮಗು ಓದು ಬಿಡುವ ಅಂಚಿನಲ್ಲಿದೆ ಎಂಬುದು ದಿನವೂ ಬಾಗಿಲಿಗೆ ಹೋಗುವ ಪಿಗ್ಮಿ ಸಂಗ್ರಾಹಕರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಶಾಲು, ಹಾರ, ಫೋಟೊ ಸೆಪ್ಟೆಂಬರಿನಲ್ಲೇ ಇರಲಿ, ಅದರ ಖುಷಿ ಕಳೆಯಬೇಕಾಗಿಲ್ಲ.

ಮಹಾಸಭೆಯ ಕಾರ್ಯಸೂಚಿಯ ಕೊನೆಯಲ್ಲಿ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು’ ಎಂಬ ಸಾಲಿರುತ್ತದೆ. ಅಷ್ಟು ಹೊತ್ತಿಗೆ ಅರ್ಧ ಜನ ಊಟದ ಸಾಲಿನಲ್ಲಿರುತ್ತಾರೆ. ನೀವು ಷೇರುದಾರರಾಗಿದ್ದರೆ ಈ ಸಲ ಹತ್ತು ನಿಮಿಷ ಕುಳಿತಿದ್ದು ಈ ಎರಡು ಬೇಡಿಕೆ ಇಡಿ: ಹಣ ಜೂನಿನಲ್ಲಿ ಕೊಡಿ, ಅಂಕಪಟ್ಟಿಯ ಜೊತೆ ಮನೆಯ ಸ್ಥಿತಿಯನ್ನೂ ನೋಡಿ. ನಡಾವಳಿ ಪುಸ್ತಕದಲ್ಲಿ ಅದನ್ನು ಬರೆಸಿಯೇ ಊಟಕ್ಕೆ ಹೋಗಿ.